ಇಸ್ತ್ರಿ ಮೇಜಿನ ಡ್ರಾಯರ್

ಟೈಲರಮ್ಮನ ಬಲಮಂಡಿ ಅವಳ ಹೊಲಿಗೆ ಯಂತ್ರಕ್ಕಿಂತ ಹೆಚ್ಚು ಸದ್ದು ಮಾಡುತ್ತಿತ್ತು. ಆಪರೇಷನ್ ಮಾಡಲೇಬೇಕು, ಆದರೆ ಮೊದಲು ಹತ್ತು ಕಿಲೋ ತೂಕ ಇಳಿಯಬೇಕು ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ, ಪೆನ್ನಿನ ಆಕಾರದ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಮೊದಲ ತಿಂಗಳು ಎರಡು ಕಿಲೋ ಇಳಿಯಿತು. ಆಮೇಲೆ ಎರಡು ತಿಂಗಳು ತೂಕದ ಮುಳ್ಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮಂಡಿ ಕೈಕೊಟ್ಟರೆ ಪೆಡಲ್ ನಿಲ್ಲುತ್ತದೆ, ಪೆಡಲ್ ನಿಂತರೆ ಅಂಗಡಿ ಮುಚ್ಚುತ್ತದೆ. ಅವಳಿಗಿದ್ದ ಭಯ ಅದೊಂದೇ.

ಕೋಟಿನ ತೋಳು ಗಿಡ್ಡ ಮಾಡಿಸಲು ಆಸ್ಪತ್ರೆಯ ನರ್ಸ್ ಬಂದಾಗ ಟೈಲರಮ್ಮ ತಡೆಯಲಾರದೆ ಹೇಳಿಬಿಟ್ಟಳು.

“ಸಿಸ್ಟರ್, ಇವತ್ತು ಎರಡು ಡೋಸ್ ಒಟ್ಟಿಗೆ ಚುಚ್ಚಿಕೊಂಡುಬಿಡ್ತೀನಿ. ಅದಕ್ಕೂ ಬಗ್ಗದಿದ್ರೆ ಔಷಧೀನ ಕಸದಬುಟ್ಟಿಗೆ ಹಾಕ್ತೀನಿ.”

“ಅಯ್ಯೋ, ಎರಡೂ ಬೇಡ ಅಕ್ಕ! ಡಬಲ್ ತಗೊಂಡ್ರೆ ವಾಂತಿಭೇದಿ ಹತ್ತಿ ಆಸ್ಪತ್ರೆ ಸೇರ್ತೀರಿ. ಮೊದಲು ಹೇಳಿ, ವಾರ ತಪ್ಪಿಸಿದ್ದೀರಾ?”

“ಕೆಲಸ ಜಾಸ್ತಿ ಇದ್ದಾಗ ಒಂದೆರಡು ಸಲ.”

“ಬೇರೆ ಮಾತ್ರೆ? ಕೆಲವು ಮಾತ್ರೆ ತೂಕ ಏರಿಸ್ತವೆ.”

“ನಿದ್ದೆಗೆ ಒಂದಿದೆ. ಡಾಕ್ಟ್ರು ಕೇಳಲಿಲ್ಲ, ನಾನು ಹೇಳಲಿಲ್ಲ.” ಟೈಲರಮ್ಮನಿಗೆ ರೇಗಿತು. “ನಾನೇನು ಕಳ್ಳತನ ಮಾಡಿದ್ದೀನಾ, ಹೀಗೆ ವಿಚಾರಣೆ ಮಾಡ್ತೀರಲ್ಲ! ತಗೊಳ್ಳಿ, ಪೆನ್ನೇ ನೋಡಿ.”

ಅವಳು ಇಸ್ತ್ರಿ ಮೇಜಿನ ಡ್ರಾಯರ್ ಎಳೆದು ಪೆನ್ನು ಕೊಟ್ಟಳು. ನರ್ಸ್ ಅದನ್ನು ಹಿಡಿದು, ಮೇಜಿನ ಮೇಲೆ ಕಾದು ಕೂತಿದ್ದ ಇಸ್ತ್ರಿಪೆಟ್ಟಿಗೆಯನ್ನು ನೋಡಿದಳು. ಪೆನ್ನು ಆಗತಾನೇ ಇಸ್ತ್ರಿಯಾದ ಕಾಲರಿನಷ್ಟು ಬಿಸಿಯಾಗಿತ್ತು.

“ಅಕ್ಕ, ಈ ಔಷಧಿ ಬಿಸಿ ತಾಗಿದ್ರೆ ಕೆಟ್ಟುಹೋಗುತ್ತೆ. ಮನೇಲಿ ಫ್ರಿಜ್ ಇಲ್ವಾ?”

“ಇದೆ.” ಟೈಲರಮ್ಮ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ ಕೂತಳು. “ಮೊದಲ ತಿಂಗಳು ಅಲ್ಲೇ ಇಡ್ತಿದ್ದೆ. ಜೊತೇಲೇ ಇರೋ ನಮ್ಮ ನಾದಿನಿ ನೋಡಿ, ‘ಬಾಯಿ ಕಟ್ಟೋಕಾಗದವರಿಗೆ ಸೂಜಿ’ ಅಂತ ನೆಂಟರ ಮುಂದೆ ನಕ್ಕಳು. ಆವತ್ತೇ ಇಲ್ಲಿಗೆ ತಂದೆ.”

ಆ ಮಾತು ಅವಳನ್ನು ಬಹಳ ನೋಯಿಸಿತ್ತು. ಯಾರಿಗೂ ಹೇಳಿರಲಿಲ್ಲ.

“ನಾಳೆ ಡಾಕ್ಟರ ಹತ್ತಿರ ಬನ್ನಿ,” ಎಂದಳು ನರ್ಸ್. “ನಾದಿನೀನೂ ಕರ್ಕೊಂಡು ಬನ್ನಿ.”

ಮರುದಿನ ಡಾಕ್ಟರು ಆ ಪೆನ್ನನ್ನು ಬದಿಗಿಟ್ಟು, ಹೊಸದನ್ನು ಮತ್ತೆ ಕಡಿಮೆ ಡೋಸಿನಿಂದ ಶುರು ಮಾಡಿಸಿದರು. ನಿದ್ದೆಯ ಮಾತ್ರೆಯನ್ನೂ ಬದಲಿಸಿದರು. ನಾದಿನಿ ಸುಮ್ಮನಿರಲಿಲ್ಲ.

“ತಿನ್ನೋದು ಕಡಿಮೆ ಮಾಡಿದ್ರೆ ಸಾಲದಾ ಡಾಕ್ಟ್ರೇ? ಇದೆಲ್ಲ ಯಾಕೆ?”

“ತೂಕ ಬರೀ ನಾಲಿಗೆ ವಿಷಯ ಅಲ್ಲಮ್ಮ. ಹಸಿವು, ನಿದ್ದೆ, ಹುಟ್ಟಿನಿಂದ ಬಂದ ಮೈಕಟ್ಟು, ಬೇರೆ ಔಷಧಿ, ಎಲ್ಲ ಸೇರುತ್ತೆ. ಊಟದಲ್ಲಿ ಹಿಡಿತ ಬೇಕು, ಮಂಡಿ ತಡೆಯುವಷ್ಟು ನಡಿಗೆಯೂ ಬೇಕು. ಡೋಸು ನಿಧಾನವಾಗಿ ಏರಿಸ್ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಎಲ್ಲ ಸರಿಯಾಗಿ ಮಾಡಿಯೂ ಇಳಿಯದಿದ್ರೆ ಬೇರೆ ದಾರಿ ಇದೆ. ಆಗಲೂ ಅದು ಇವರ ತಪ್ಪಲ್ಲ.”

ನಾದಿನಿ ಮನೆಗೆ ಬಂದವಳೇ ಫ್ರಿಜ್ಜಿನ ನಡುವಿನ ಶೆಲ್ಫ್ ಖಾಲಿ ಮಾಡಿದಳು. ಒಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಳು: ‘ಅತ್ತಿಗೆಯ ಔಷಧಿ. ಯಾರೂ ಮುಟ್ಟಬೇಡಿ.’

ಕೆಲವು ತಿಂಗಳು ಕಳೆದು ಈಗ ಒಟ್ಟು ಆರು ಕಿಲೋ ಇಳಿದಿದೆ, ನಾಲ್ಕು ಬಾಕಿ. ಭಾನುವಾರ ಬಂತೆಂದರೆ ನಾದಿನಿಯೇ ಪೆನ್ನು ತಂದು ಕೈಗಿಡುತ್ತಾಳೆ. ಆವತ್ತಿನ ಮಾತಿಗೆ ಕ್ಷಮೆ ಕೇಳಿಲ್ಲ. ಟೈಲರಮ್ಮ ಅದಕ್ಕಾಗಿ ಕಾಯುತ್ತಲೂ ಇಲ್ಲ.

ನೀವೂ ಇಂಥ ಔಷಧಿ ತೆಗೆದುಕೊಳ್ಳುತ್ತಿದ್ದು, ತೂಕ ಇಳಿಯುತ್ತಿಲ್ಲವೇ? ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಿಸಬೇಡಿ. ತಪ್ಪಿಸಿದ ವಾರಗಳನ್ನೂ, ನುಂಗುವ ಬೇರೆ ಮಾತ್ರೆಗಳನ್ನೂ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಔಷಧಿ ಎಲ್ಲಿಟ್ಟಿದ್ದೀರಿ, ಈಗಲೇ ಎದ್ದು ನೋಡಿ. ನಿಮ್ಮ ಮನೆಯವರು ಯಾರಾದರೂ ಅದನ್ನು ಬಚ್ಚಿಟ್ಟಿದ್ದರೆ ನಗಬೇಡಿ. ಫ್ರಿಜ್ಜಿನಲ್ಲಿ ಜಾಗ ಮಾಡಿಕೊಡಿ.