ಪಾಠದಲ್ಲಿದ್ದ ಎರಡು ಸಾಲು

ಯಾರೂ ಇಳಿಯಬೇಡಿ ಎಂದು ಉತ್ತಮ್ ಎರಡನೇ ಸಲ ಹೇಳುವಷ್ಟರಲ್ಲಿ ವೇದಾ ಬಸ್ಸಿನ ಬಾಗಿಲ ಹತ್ತಿರ ಬಂದು ನಿಂತಿದ್ದಳು. ಪ್ರಾಗ್ ನಗರದ ನದಿಯ ದಂಡೆಯಲ್ಲಿ ಎಂಜಿನ್ ಆರಿಸದೆ ಬಸ್ಸು ಕಾಯುತ್ತಿತ್ತು. ಟಾಯ್ಲೆಟ್ಟಿಗೆ ಹೋದ ಅಡಿಲೇಡಿನ ದಂಪತಿ ಬಂದರೆ ಹೊರಡುವುದೊಂದೇ ಬಾಕಿ. ಹಳೇ ಪೇಟೆಯ ಚೌಕದಲ್ಲಿ ಒಂದು ಗಂಟೆ, ಗಡಿಯಾರದ ಮುಂದೆ ಗ್ರೂಪ್ ಫೋಟೊ, ಸೇತುವೆಯ ಮೇಲೆ ಇಪ್ಪತ್ತು ನಿಮಿಷ. ಅಲ್ಲಿಗೆ ಪ್ರಾಗ್ ಮುಗಿದಿತ್ತು. ಇನ್ನು ಊರ ಹೊರಗಿನ ಶಾಪಿಂಗ್ ಔಟ್‌ಲೆಟ್ಟು. ಮಾರನೆಯ ಬೆಳಿಗ್ಗೆ ಆರಕ್ಕೆ ಬರ್ಲಿನ್ ಕಡೆಗೆ.

ಟೂರ್ ಮ್ಯಾನೇಜರ್ ಉತ್ತಮ್ ಏನಾದರೂ ಮರೆತು ಬಂದಿರಾ ಎಂದು ಕೇಳಿದ. ಮರೆತಿಲ್ಲ, ನೋಡಬೇಕಾದ್ದನ್ನು ನೋಡಿಲ್ಲ ಎಂದಳು ವೇದಾ. ತಾನಿಲ್ಲೇ ಇಳಿಯುತ್ತೇನೆ, ಸಂಜೆ ಹೋಟೆಲಿಗೆ ನಡೆದುಕೊಂಡೇ ಬರುತ್ತೇನೆ ಎಂದೂ ಸೇರಿಸಿದಳು. ಹೋಟೆಲು ಇಲ್ಲಿಂದ ಆರು ಕಿಲೋಮೀಟರ್ ಇದೆ, ದಾರಿ ತಪ್ಪಿದರೆ ಕಂಪನಿ ಜವಾಬ್ದಾರಿ ಅಲ್ಲ ಎಂದು ಅವನು ಮೆತ್ತಗೆ ಹೇಳಿ, ಸಹಾಯಕ್ಕೆಂಬಂತೆ ಹಿಂದಿನ ಸೀಟುಗಳತ್ತ ನೋಡಿದ.

ಆಸ್ಟ್ರೇಲಿಯಾದ ಪರ್ತ್, ಬ್ರಿಸ್ಬೇನ್, ಅಡಿಲೇಡುಗಳಿಂದ ಬಂದಿದ್ದ ಹದಿನೆಂಟು ಮಂದಿ ಕನ್ನಡಿಗರು ತಲೆಯೆತ್ತಿ ನೋಡುತ್ತಿದ್ದರು. ನಾಲ್ಕನೇ ಸಾಲಿನಿಂದ ರಮಾಕಾಂತ್ ಅರ್ಧ ಎದ್ದು ನಿಂತ. ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಹೆಂಡತಿ ಹೀಗೆ ಎಲ್ಲರೆದುರು ಎದ್ದು ನಿಂತದ್ದನ್ನು ಅವನು ನೋಡಿರಲಿಲ್ಲ. ನಗುತ್ತಲೇ ಅವನು ಉತ್ತಮನಿಗೆ ಹೇಳಿದ:

"ಅವಳಿಗೆ ಅಷ್ಟು ನಡೆದು ಅಭ್ಯಾಸ ಇಲ್ಲಪ್ಪ. ಕೂತ್ಕೊಂಡು ಮಾಡೋ ಕೆಲಸ ಮಾಡಿದೋಳು. ವೇದಾ, ಬಾ, ಕೂತ್ಕೊ."

ಈ ಮಾತಿಗೆ ನಾಲ್ಕು ದಿನದ ಹಿನ್ನೆಲೆಯಿತ್ತು. ಪ್ರವಾಸದ ಮೊದಲ ದಿನ ವಿಯೆನ್ನಾದಲ್ಲಿ, ಬ್ರಿಸ್ಬೇನಿನ ಸನ್ನಿಬ್ಯಾಂಕ್ ಕಡೆಯ ಕ್ಲಿನಿಕ್ಕೊಂದರ ಡಾಕ್ಟರ್ ದಿನೇಶ ಎಲ್ಲರ ಪರಿಚಯ ಮಾಡಿಕೊಳ್ಳುತ್ತ ಆಂಟಿ ಏನು ಮಾಡ್ತಿದ್ರು ಎಂದು ಕೇಳಿದ್ದ. ವೇದಾ ಬಾಯಿ ತೆರೆಯುವ ಮೊದಲೇ ರಮಾಕಾಂತ್, "ಸ್ಕೂಲ್ ಆಫೀಸಲ್ಲಿ ಅಡ್ಮಿನ್. ಹೋದ ವರ್ಷ ರಿಟೈರ್ ಆದ್ಲು" ಎಂದುಬಿಟ್ಟಿದ್ದ. ಅವಳು ತಿದ್ದಲಿಲ್ಲ. ಪರ್ತಿನಲ್ಲೂ ಹಾಗೇ. ಯುಗಾದಿ ಊಟದಲ್ಲಿ, ಮಗ ಪ್ರಥಮನ ಗ್ರಾಜುಯೇಷನ್ನಿನಲ್ಲಿ, ಯಾರಾದರೂ ಕೇಳಿದರೆ ಒಮ್ಮೆ ಸಪ್ಲೈ ಚೈನ್ ಎನ್ನುತ್ತಿದ್ದ, ಇನ್ನೊಮ್ಮೆ ಮತ್ತೇನೋ. ಗಣಿ ಕಂಪನಿಯ ಸೀನಿಯರ್ ಎಂಜಿನಿಯರನ ಹೆಂಡತಿಗೆ ಒಪ್ಪುವಂಥ ಹೆಸರು ಅವನ ಬಾಯಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿತ್ತು.

ವಿಯೆನ್ನಾದ ದೊಡ್ಡ ಚರ್ಚಿನಲ್ಲಿ ದಿನೇಶ ಗುಂಪಿಗೆಲ್ಲ ಚರಿತ್ರೆ ಹೇಳಿದ. ಲೂಥರನನ್ನು ಚರ್ಚಿನವರು ಸುಟ್ಟುಹಾಕಿದರು ಎಂದ. ಅಲ್ಲ, ಲೂಥರ್ ಹಾಸಿಗೆಯ ಮೇಲೆ ಸತ್ತ, ಸುಟ್ಟದ್ದು ಅವನಿಗಿಂತ ನೂರು ವರ್ಷ ಹಿಂದಿನ ಯಾನ್ ಹುಸ್‌ನನ್ನು, ಪ್ರಾಗಿನವನು ಎಂದು ವೇದಾ ಹೇಳಿದಳು. ದಿನೇಶ ನಕ್ಕು ಆಂಟಿ ಯೂಟ್ಯೂಬ್ ಚೆನ್ನಾಗಿ ನೋಡ್ತಾರೆ ಎಂದ. ಎಲ್ಲರೂ ನಕ್ಕರು. ರಮಾಕಾಂತ್ ಎಲ್ಲರಿಗಿಂತ ಜೋರಾಗಿ ನಕ್ಕು, ಕಾಫಿ ಎಲ್ಲಿ ಸಿಗುತ್ತೆ ಎಂದು ಮಾತು ಬದಲಿಸಿದ. ಆ ರಾತ್ರಿ ಅವಳಿಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಈಗ ದಿನೇಶ ಸೀಟಿನಿಂದಲೇ ಹೇಳಿದ, ಈ ವಯಸ್ಸಿನಲ್ಲಿ ಕಲ್ಲುಹಾಸಿನ ಮೇಲೆ ನಡೆಯುವುದು ಮಂಡಿಗೆ ಒಳ್ಳೆಯದಲ್ಲ, ಡಾಕ್ಟರಾಗಿ ಹೇಳುತ್ತಿದ್ದೇನೆ.

ವೇದಾ ಬಾಗಿಲ ಕಂಬಿಯಿಂದ ಕೈ ತೆಗೆದು ಎಲ್ಲರ ಕಡೆಗೆ ತಿರುಗಿದಳು. ಅವಳ ದನಿ ಏರಲಿಲ್ಲ.

"ನಾನು ಕೂತ್ಕೊಂಡು ಕೆಲಸ ಮಾಡಿದೋಳಲ್ಲ, ಡಾಕ್ಟ್ರೇ. ಪರ್ತಿನ ವೆಲ್ಷ್‌ಪೂಲಲ್ಲಿ ಒಂದು ವೇರ್‌ಹೌಸ್ ಇದೆ. ಅಲ್ಲಿ ಹದಿನಾರು ವರ್ಷ ಆರ್ಡರ್ ಪಿಕರ್ ಆಗಿದ್ದೆ. ಕಿವೀಗೆ ಹೆಡ್‌ಸೆಟ್ ಹಾಕ್ತಾರೆ, ಅದು ಯಾವ ಸಾಲು, ಯಾವ ಶೆಲ್ಫು ಅಂತ ಹೇಳುತ್ತೆ, ನಾವು ಹೋಗಿ ಪೆಟ್ಟಿಗೆ ತರಬೇಕು. ಸಿಮೆಂಟ್ ನೆಲದ ಮೇಲೆ ದಿನಕ್ಕೆ ಹದಿನೆಂಟು ಕಿಲೋಮೀಟರ್. ಆರು ಕಿಲೋಮೀಟರು ನನಗೆ ಟೀ ಬ್ರೇಕಿನ ಹೊತ್ತಿಗೇ ಮುಗೀತಿತ್ತು."

ಉತ್ತಮ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಇಳಿದು, ಚೀಲವನ್ನು ಹೆಗಲಿಗೆ ಏರಿಸಿಕೊಂಡು, ರಸ್ತೆ ದಾಟಿ ಹೋದಳು.

ಟ್ರಾಮ್ ಹಳಿ ದಾಟಿ ಎರಡನೇ ಓಣಿಗೆ ತಿರುಗಿದಾಗ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ರಮಾಕಾಂತ್ ಬಸ್ಸಿನಿಂದ ಇಳಿದು ಬಂದಿದ್ದ. ಹೆಂಡತಿಯ ಮೇಲಿನ ಕಾಳಜಿಯಿಂದಲೋ, ಆ ಹದಿನೆಂಟು ಮಂದಿಯ ಮುಖ ನೋಡಲಾರದೆಯೋ, ಅವನಿಗೇ ಗೊತ್ತಿರಲಿಲ್ಲ. ಅವಳು ವೇಗ ಕಡಿಮೆ ಮಾಡಲಿಲ್ಲ. ಓಣಿಗಳು ಬಾಗಿ ಬಾಗಿ ಒಂದರೊಳಗೊಂದು ಸೇರುತ್ತಿದ್ದವು. ಪ್ರತಿ ತಿರುವಿನಲ್ಲೂ ಒಂದು ಚರ್ಚು, ಹಸಿರುಗಟ್ಟಿದ ತಾಮ್ರದ ಗುಮ್ಮಟ, ಮಸಿ ಹಿಡಿದ ಸಂತರ ವಿಗ್ರಹ. ಒಂದರ ಮುಂದೆ ಎರಡು ನಿಮಿಷ ನಿಂತಳು, ಒಂದರೊಳಗೆ ಹೋಗಿ ಚಾವಣಿ ನೋಡಿ ಬಂದಳು. ಇಪ್ಪತ್ತು ಹೆಜ್ಜೆ ಹಿಂದೆ ಅವನು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ.

ಅವಳು ಹುಡುಕುತ್ತಿದ್ದದ್ದು ಯಾನ್ ಹುಸ್ ಉಪದೇಶ ಮಾಡುತ್ತಿದ್ದ ಬೆತ್ಲೆಹೆಮ್ ಚಾಪೆಲನ್ನು. ಮೈಸೂರಿನ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಅವಳು ಚರಿತ್ರೆ ಹೇಳಿಕೊಟ್ಟಿದ್ದಳು. ಒಂಬತ್ತನೇ ಕ್ಲಾಸಿನ ಪಾಠದಲ್ಲಿ ಹುಸ್ ಬಗ್ಗೆ ಇದ್ದದ್ದು ಎರಡೇ ಸಾಲು. ಆ ಎರಡು ಸಾಲಿಗೆ ಅವಳು ಒಂದು ಪೂರ್ತಿ ಪೀರಿಯಡ್ ತೆಗೆದುಕೊಳ್ಳುತ್ತಿದ್ದಳು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಅವಳ ಬಿ.ಎಡ್. ಅಲ್ಲಿ ನಡೆಯುವುದಿಲ್ಲ, ಇನ್ನೆರಡು ವರ್ಷ ಓದಬೇಕು ಎಂದರು. ಪ್ರಥಮನಿಗೆ ಆಗ ನಾಲ್ಕು ವರ್ಷ. ಆರು ತಿಂಗಳ ಮಟ್ಟಿಗೆ ಎಂದು ವೇರ್‌ಹೌಸಿಗೆ ಸೇರಿದಳು.

ಚಾಪೆಲ್ ಹೊರಗಿನಿಂದ ಬರೀ ಸುಣ್ಣದ ಗೋಡೆ, ಎರಡು ಚೂಪು ಮಾಡು. ಮುಚ್ಚಲು ಅರ್ಧ ಗಂಟೆ ಇದೆ ಎಂದು ಟಿಕೆಟ್ ಕೊಡುವ ಹೆಂಗಸು ಬೆರಳು ತೋರಿಸಿ ತಿಳಿಸಿದಳು. ಒಳಗೆ ಬಂಗಾರವಿಲ್ಲ, ವಿಗ್ರಹಗಳಿಲ್ಲ. ಸಾವಿರಾರು ಜನ ಹಿಡಿಸುವ ಒಂದು ದೊಡ್ಡ ಕೋಣೆ. ಒಂದು ಮೂಲೆಯಲ್ಲಿ ಹಳೇ ಬಾವಿ. ಗೋಡೆಯಲ್ಲಿ ಎತ್ತರಕ್ಕೆ ಮರದ ವೇದಿಕೆ, ಅಲ್ಲಿಂದಲೇ ಉಪದೇಶ ನಡೆಯುತ್ತಿತ್ತು. ವೇದಾ ಅದರ ಕೆಳಗೆ ಹೋಗಿ ನಿಂತಳು. ಬಹಳ ಹೊತ್ತು ಕತ್ತೆತ್ತಿಯೇ ಇದ್ದಳು.

ರಮಾಕಾಂತ್ ಬೆಂಚಿನ ಮೇಲೆ ಕುಸಿದು ಕೂತ. ಉಸಿರು ಹದಕ್ಕೆ ಬಂದ ಮೇಲೆ ಕೇಳಿದ, "ಎಲ್ಲರ ಮುಂದೆ ಹೇಳಲೇಬೇಕಿತ್ತಾ?"

"ಹೇಳಬೇಕಿತ್ತು."

"ನಿನ್ನ ಮರ್ಯಾದೆಗೇ ಅಲ್ವಾ ನಾನು ಹಾಗೆ ಹೇಳಿದ್ದು?"

ಅವಳು ಅವನ ಕಡೆ ತಿರುಗಿದಳು. "ನಾನು ಮೈಸೂರಲ್ಲಿ ಮೇಡಂ ಆಗಿದ್ದೆ. ಪರ್ತಲ್ಲಿ ಪೆಟ್ಟಿಗೆ ಹೊತ್ತೆ. ಇಬ್ರಲ್ಲಿ ಯಾರನ್ನ ಹೇಳಿದ್ರೂ ನನಗೆ ಸರಿ ಇತ್ತು. ನೀವು ಮೂರನೆಯವಳನ್ನ ಹುಟ್ಟಿಸಿದ್ರಿ ರೀ. ಅವಳ ಜೊತೆ ನಾನು ಹದಿನಾರು ವರ್ಷ ಬಾಳಿದೀನಿ. ಇನ್ನು ಆಗಲ್ಲ."

ಅವನ ಉತ್ತರಕ್ಕೆ ಅವಳು ಕಾಯಲಿಲ್ಲ. ವೇದಿಕೆಯ ಕೆಳಗೆ ನಿಂತು, ಸೆರಗು ಸರಿಪಡಿಸಿಕೊಳ್ಳುವ ಹಳೇ ಅಭ್ಯಾಸದಲ್ಲಿ ಜಾಕೆಟ್ಟಿನ ಅಂಚು ಎಳೆದುಕೊಂಡು, ಕನ್ನಡದಲ್ಲಿ ಪಾಠ ಶುರುಮಾಡಿದಳು. ಆಗ ದೇವರ ಮಾತೆಲ್ಲ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು, ಸಂತೆಗೆ ಬಂದವರಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಹುಸ್ ಇಲ್ಲಿ ನಿಂತು ಅವರ ಮನೆಮಾತಿನಲ್ಲೇ ಹೇಳಿದ. ನೀರಿಗೆ ಬಂದವರೂ ಆ ಬಾವಿಯ ಹತ್ತಿರ ನಿಂತು ಕೇಳಿರಬೇಕು. ಬರೆದದ್ದೆಲ್ಲ ತಪ್ಪೆಂದು ಒಪ್ಪಿಕೊ, ಬಿಟ್ಟುಬಿಡುತ್ತೇವೆ ಎಂದು ಚರ್ಚಿನವರು ಎಷ್ಟು ಸಲ ಹೇಳಿದರೂ ಇವನು ಒಪ್ಪಲಿಲ್ಲ. ಇದ್ದ ಮೂರ್ನಾಲ್ಕು ಪ್ರವಾಸಿಗಳು ತಿರುಗಿ ನೋಡಿದರು. ಮೆಲ್ಲಗೆ ಎನ್ನುವಂತೆ ರಮಾಕಾಂತ್ ಕೈ ಎತ್ತಿದ. ಅವಳು ನಲವತ್ತು ಮಕ್ಕಳ ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲೇ ಮುಂದುವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಅವನು ಕೈ ಇಳಿಸಿದ.

ಬಾಗಿಲು ಹಾಕುವವರೆಗೂ ಅವರು ಅಲ್ಲಿದ್ದರು.

ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಟ್ಯಾಕ್ಸಿ ಕರೆಯಲೇ ಎಂದು ಅವನು ಕೇಳಿದ. ನದಿಯಾಚೆ ಗುಡ್ಡದ ಮೇಲಿನ ಕೋಟೆ, ಅದರೊಳಗಿನ ಕೆಥೀಡ್ರಲ್ ಬಾಕಿ ಇದೆ ಎಂದಳು. ಈ ಹೊತ್ತಿಗೆ ಮುಚ್ಚಿರುತ್ತದೆ ಎಂದ. ಗೋಪುರವನ್ನು ಯಾರೂ ಮುಚ್ಚಿಡುವುದಿಲ್ಲ ಎಂದು ಅವಳು ಸೇತುವೆಯ ದಾರಿ ಹಿಡಿದಳು.

ಕೋಟೆಗೆ ಹತ್ತುವ ಕಲ್ಲಿನ ಮೆಟ್ಟಿಲುಗಳ ಅರ್ಧದಲ್ಲಿ ಅವನ ಫೋನು ಹೊಡೆದುಕೊಂಡಿತು. ದಿನೇಶ. ಎಲ್ಲಿದ್ದೀರಿ ಅಂಕಲ್, ಆಂಟಿ ಸಿಕ್ಕಿದರಾ ಎಂದು ವಿಚಾರಿಸಿದ. ಆಮೇಲೆ, ಬಸ್ಸಿನಲ್ಲಿ ಆಂಟಿ ಸಿಟ್ಟಿಗೆ ಹಾಗೆ ಹೇಳಿದರಾ, ನಿಜವಾ ಎಂದ. ರಮಾಕಾಂತ್ ಮೇಲೆ ನೋಡಿದ. ವೇದಾ ಎರಡು ತಿರುವು ಮುಂದಿದ್ದಳು, ಕೂಗಿದರೂ ಕೇಳಿಸುವಂತಿರಲಿಲ್ಲ.

"ನಿಜ," ಎಂದ. "ವೇರ್‌ಹೌಸಲ್ಲೇ. ಅದಕ್ಕೆ ಮುಂಚೆ ಹಿಸ್ಟರಿ ಟೀಚರ್. ನಾನು ನಿಮಗೆ ಸುಳ್ಳು ಹೇಳಿದ್ದೆ." ಆ ಕಡೆಯಿಂದ ಬಂದ ಸಮಾಧಾನದ ಮಾತು ಕೇಳಿಸಿಕೊಳ್ಳದೆ ಫೋನನ್ನು ಜೇಬಿಗೆ ಹಾಕಿ, ಗೋಡೆ ಹಿಡಿದುಕೊಂಡು ಹತ್ತತೊಡಗಿದ.

ಅವನು ಮೇಲೆ ತಲುಪಿದಾಗ ವೇದಾ ಕಟ್ಟೆಗೆ ಮೊಣಕೈ ಊರಿ ನಿಂತಿದ್ದಳು. ಕೆಳಗೆ ಊರೆಲ್ಲ ಕೆಂಪು ಹೆಂಚು, ನಡುನಡುವೆ ಗೋಪುರಗಳು. ಅವಳ ತುಟಿ ಅಲುಗುತ್ತಿತ್ತು, ಬೆರಳು ಒಂದೊಂದೇ ಗೋಪುರವನ್ನು ಗುರುತಿಸುತ್ತಿತ್ತು. ಒಂದರ ಹೆಸರು ಹೊಳೆಯದೆ ಬೆರಳು ಗಾಳಿಯಲ್ಲೇ ನಿಂತಿತು. ಹಾಗೇ, ತಿರುಗಿ ನೋಡದೆ, ಇನ್ನೊಂದು ಕೈಯಿಂದ ನೀರಿನ ಬಾಟಲಿಯನ್ನು ಹಿಂದಕ್ಕೆ ಚಾಚಿದಳು.