ಹಾಡುವ ಕೋಣೆ

ಅಮ್ಮ ಇಪ್ಪತ್ತೆರಡು ವರ್ಷ ದುಡಿದ ಮಿಠಾಯಿ ಕಾರ್ಖಾನೆ ಈಗ ಮ್ಯೂಸಿಯಂ. ನೋಡಲೇಬೇಕೆಂದು ಅವಳೇ ಹಟ ಹಿಡಿದಳು.

"ನಾವೂ ಇದ್ವಿ ಅಂತ ಎಲ್ಲಾದ್ರೂ ಬರೆದಿದ್ದಾರಾ ನೋಡಿ ಹೇಳು," ಅಂದಳು. ಅವಳಿಗೆ ಓದು ಬಾರದು. ನನಗೆ ಏಳನೇ ಕ್ಲಾಸಿನಷ್ಟು ಬರುತ್ತದೆ.

ಮೊದಲ ಕೋಣೆಯಲ್ಲಿ ತಾಮ್ರದ ಹಂಡೆಗಳು, ಚಾಕೊಲೇಟಿನ ಅಚ್ಚುಗಳು, ಪಾಕ ಎಳೆಯುವ ಕಬ್ಬಿಣದ ಕೊಕ್ಕೆ. ಅಮ್ಮ ಕೊಕ್ಕೆಯನ್ನು ಮೂಸಿ ನೋಡಿದಳು. "ಮದುಮಗನ ಹಾಗೆ ತೊಳೆದು ನಿಲ್ಲಿಸಿದ್ದಾರೆ," ಅಂದಳು. ಗೋಡೆಯ ತುಂಬ ಮಾಲೀಕರ ಮೂರು ತಲೆಮಾರು. ಅವರ ನಾಯಿಗೂ ಒಂದು ಫೋಟೊ, ಕೆಳಗೆ ಅದರ ಹೆಸರು. ಅದನ್ನು ನಾನು ಓದಿ ಹೇಳಲಿಲ್ಲ.

ಕೊನೆಯದು ಪ್ಯಾಕಿಂಗ್ ಕೋಣೆ. ಗೈಡ್ ಹೆಂಗಸು ಗುಂಡಿ ಒತ್ತಿದಳು. ಮಾಲೀಕರು ಹಿಂದೊಮ್ಮೆ ರೆಕಾರ್ಡ್ ಮಾಡಿಸಿದ್ದ ಹಾಡು, ಹತ್ತಾರು ಹೆಂಗಸರ ದನಿ.

"ಇಲ್ಲಿ ಕೆಲಸ ಮಾಡೋರು ಎಷ್ಟು ಖುಷಿಯಾಗಿದ್ರು ನೋಡಿ. ದಿನವಿಡೀ ಹಾಡ್ತಾನೇ ಇರ್ತಿದ್ರು."

ಬಂದವರೆಲ್ಲ ನಕ್ಕರು. ಒಬ್ಬ ತಾಳ ಹಾಕಿದ. ಅಮ್ಮ ನನ್ನ ಮೊಣಕೈ ಹಿಡಿದಳು.

"ಆ ಮೇಲಿನ ದನಿ ನಂದೇ ಕಣೆ."

ಅಮ್ಮ ಹಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಲಗಿಸುವಾಗಲೂ ಬೆನ್ನು ತಟ್ಟುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಅವಳು ಗೈಡ್ ಕಡೆ ತಿರುಗಿದಳು. "ಹಾಡು ನಿಂತ್ರೆ ಮೇಸ್ತ್ರಿ ಬರ್ತಿದ್ದ. ನಾಲಿಗೆ ಎತ್ತಿಸಿ ನೋಡ್ತಿದ್ದ, ಮಿಠಾಯಿ ತಿಂದ್ವೇನೋ ಅಂತ. ಹಾಡೋ ಬಾಯಲ್ಲಿ ಮಿಠಾಯಿ ನಿಲ್ಲಲ್ಲ, ಅದಕ್ಕೇ ಹಾಡಿಸ್ತಿದ್ರು. ಕೈ ಕೆಸರಾದ್ರೆ ಬಾಯಿ ಮೊಸರಂತೆ. ನಮಗೆ ಕೈಯೆಲ್ಲ ಸಕ್ಕರೆ, ಬಾಯಿಗೆ ಬರೀ ಹಾಡು."

"ತಮಾಷೆಯಾಗಿ ಮಾತಾಡ್ತೀರಮ್ಮ," ಗೈಡ್ ನಕ್ಕಳು. "ಬಾಗಿಲ ಹತ್ರ ಪುಸ್ತಕ ಇದೆ, ಅದರಲ್ಲಿ ಬರೀರಿ. ಮೇಡಂ ಎಲ್ಲಾ ಓದ್ತಾರೆ."

ಅಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪುಸ್ತಕದ ಮುಂದೆ ಪೆನ್ನನ್ನು ನನ್ನ ಕೈಗೆ ತುರುಕಿ, ಕಿವಿಯಲ್ಲಿ ಒಂದೊಂದೇ ಮಾತು ಹೇಳಿದಳು. "ಖುಷಿಗೆ ಹಾಡಿದ್ದಲ್ಲ. ಹಾಡಿಸಿದ್ದು. ಗಂಟಲು ಕಟ್ಟಿದವಳನ್ನ ಮನೆಗೆ ಕಳಿಸ್ತಿದ್ರು. ಬರಿ."

ನಾನು ಬಗ್ಗಿದೆ. ಹಿಂದೆ ಜನ ಸಾಲಾಗಿ ನಿಂತಿದ್ದರು. ಮೇಡಂ, ಅಂದರೆ ಮಾಲೀಕರ ಮೊಮ್ಮಗಳು, ಪಕ್ಕದಲ್ಲೇ ಬಂದು ನಿಂತು ನನ್ನ ಕೈಯನ್ನೇ ನೋಡತೊಡಗಿದಳು. ಅವಳ ಮೈಯಿಂದ ಒಳ್ಳೆಯ ಸೋಪಿನ ವಾಸನೆ ಬರುತ್ತಿತ್ತು. ಪೆನ್ನು ಬೆವರಿಗೆ ಜಾರಿತು. ಮೇಲಿನ ಸಾಲಿನಲ್ಲಿ ಯಾರೋ ಬರೆದದ್ದನ್ನೇ ನೋಡಿಕೊಂಡು ಇಳಿಸಿದೆ: ತುಂಬಾ ಚೆನ್ನಾಗಿದೆ. ಹಾಡು ಇಷ್ಟವಾಯಿತು.

"ಥ್ಯಾಂಕ್ಸ್ ಕಣಮ್ಮ," ಅಂದಳು ಮೇಡಂ. ಅಮ್ಮನ ಅಂಗೈಯಲ್ಲಿ ಒಂದು ಮಿಠಾಯಿ ಇಟ್ಟಳು.

ಬೀದಿಗೆ ಬಂದಮೇಲೆ ಅಮ್ಮ ಕೇಳಿದಳು. "ಎಲ್ಲಾ ಬರೆದ್ಯಾ? ಏನಂತ ಬರೆದೆ, ಹೇಳು."

ಅವಳು ಹೇಳಿದ್ದನ್ನೇ ಒಂದಕ್ಷರ ಬಿಡದೆ ಒಪ್ಪಿಸಿದೆ.

"ಅಷ್ಟನ್ನೂ ಓದಿ ಥ್ಯಾಂಕ್ಸ್ ಅಂದ್ಲಲ್ಲ," ಅಂದಳು ಅಮ್ಮ. "ಅಜ್ಜನ ಹಾಗಲ್ಲ. ದೊಡ್ಡ ಮನಸ್ಸು."

ಮಿಠಾಯಿಯ ಕಾಗದ ಬಿಚ್ಚಿ ಅರ್ಧ ಕಚ್ಚಿದಳು. ಉಳಿದರ್ಧವನ್ನು ನನ್ನ ಬಾಯಿಗಿಟ್ಟಳು. ಅದು ಕರಗುವವರೆಗೂ ನಾನು ಬಾಯಿ ತೆರೆಯಲಿಲ್ಲ. ಕರಗಿದ ಮೇಲೂ.