ಆರನೆಯ ನಿಮಿಷ

ಮೂರು ಗೋಡೆಗಳ ಮೇಲೂ ಹಳೆಯ ಕಲ್ಲುಗಣಿ ಮೂಡಿತ್ತು. ನೀರು ತುಂಬಿದ ಗುಂಡಿ, ಅದರಾಚೆ ಕಡಿದ ಬಂಡೆ, ಬಂಡೆಯ ಮೇಲೆ ಅಕ್ಕಿಕಾಳಿನಷ್ಟು ಸಣ್ಣದಾಗಿ ಪಿಟೀಲು ನುಡಿಸುತ್ತ ನಿಂತ ಅಕ್ಕ. ಕಮಾನು ಹೋಗಿ ಬರುತ್ತಿತ್ತು, ಸ್ಪೀಕರಿನಲ್ಲಿ ಮಾತ್ರ ಬರೀ ಗಾಳಿ. ಹದಿನೈದಿಪ್ಪತ್ತು ಜನ ಕೈಕಟ್ಟಿ ನಿಂತು ಆ ಗಾಳಿಯನ್ನೇ ಮನಸ್ಸಿಟ್ಟು ಕೇಳುತ್ತಿದ್ದರು. ಈ ವಿಡಿಯೋ ಮಾಡಿದ ತಂಗಿ ಗ್ಯಾಲರಿಯ ಬಾಗಿಲಲ್ಲೇ ನಿಂತುಬಿಟ್ಟಳು. ಅಲ್ಲಿ ಪಿಟೀಲು ಕೇಳಬೇಕಿತ್ತು.

"ಎಂಥ ಧೈರ್ಯಾನಮ್ಮ ನಿಂದು!" ಪತ್ರಿಕೆಗೆ ವಿಮರ್ಶೆ ಬರೆಯುವ ಹಿರಿಯರು ಅವಳ ಕಿವಿಯ ಹತ್ತಿರ ಪಿಸುಗುಟ್ಟಿದರು. "ನುಡಿಸೋಳು ಕಾಣ್ತಾಳೆ, ಸಂಗೀತ ಕೇಳ್ಸೋದೇ ಇಲ್ಲ. ನಮ್ಮ ಕಾಲದ ಕಿವುಡುತನಾನ ಹಿಡಿದುಬಿಟ್ಟಿದ್ದೀಯ."

"ಹೂಂ ಸಾರ್," ಎಂದಳು ತಂಗಿ. ಮೆಲ್ಲಗೆ ಜಾರಿಕೊಂಡು ಗೋಡೆಯ ಹಿಂದಿನ ಸಣ್ಣ ಕೋಣೆಗೆ ಓಡಿದಳು.

ಅಲ್ಲಿ ತಂತಿಗಳ ಗೋಜಲಿನ ನಡುವೆ ವೈರಪ್ಪ ಆರಾಮಾಗಿ ಟೀ ಕುಡಿಯುತ್ತಿದ್ದ. ಇಪ್ಪತ್ತೈದು ವರ್ಷದಿಂದ ಗ್ಯಾಲರಿಯ ಯಂತ್ರಗಳನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದುದರಿಂದ ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲರಿಗೂ ಮರೆತುಹೋಗಿತ್ತು.

"ಯಾವ ಡ್ರೈವ್ ಹಾಕಿದ್ರಿ?"

"ಮಧ್ಯಾಹ್ನ ಕರೆಂಟು ಹೋಗಿ ಬಂತಲ್ಲ, ಎಲ್ಲ ಹೊಸದಾಗಿ ಹಾಕಬೇಕಾಯ್ತು. ಡಬ್ಬೀಲಿ ಸದ್ದಿನ ಡ್ರೈವು ಎರಡಿತ್ತು. ಒಂದರ ಮೇಲೆ 'ಅಕ್ಕ' ಅಂತ ಚೀಟಿ, ಇನ್ನೊಂದರ ಮೇಲೆ 'ಮುಖ್ಯ'. ಮುಖ್ಯ ಅಂತ ಬರೆದಿರೋದನ್ನ ಬಿಟ್ಟು ಯಾರಾದ್ರೂ ಅಕ್ಕನ್ನ ಹಾಕ್ತಾರಾ ಮೇಡಂ?"

ತಪ್ಪು ಅವಳದೇ. ಎಲ್ಲಿ ಚಿತ್ರ ತೆಗೆದರೂ ಕೊನೆಗೆ ಎಲ್ಲರನ್ನೂ ಅಲ್ಲಾಡದಂತೆ ನಿಲ್ಲಿಸಿ, ಬರೀ ಆ ಜಾಗದ ಸದ್ದನ್ನು ಹಿಡಿದಿಟ್ಟುಕೊಳ್ಳುವುದು ಅವಳ ಪದ್ಧತಿ. ಕೆಮ್ಮಿದರೆ ಮತ್ತೆ ಮೊದಲಿಂದ. ಆ ಸದ್ದಿಲ್ಲದೆ ಏನನ್ನೂ ಜೋಡಿಸಲಾಗದೆಂದು ಅದಕ್ಕೆ ಯಾವಾಗಲೂ 'ಮುಖ್ಯ' ಎಂದೇ ಬರೆಯುತ್ತಿದ್ದಳು. ಈಗ ಆ ಮುಖ್ಯವೇ ಅಕ್ಕನನ್ನು ನುಂಗಿ ಕೂತಿತ್ತು.

"ಬದಲಾಯಿಸ್ಲಾ?" ವೈರಪ್ಪ ಕೈ ಚಾಚಿದ.

"ತಡೀರಿ," ಎಂದಳು ತಂಗಿ.

ನಾಲ್ಕು ವರ್ಷದ ಹಿಂದೆ ತುಂಬಿದ ಸಭೆಯಲ್ಲಿ ಅಕ್ಕನ ಕಮಾನು ನಡುವೆಯೇ ನಿಂತುಬಿಟ್ಟಿತ್ತು. ಮುಂದಿನದು ನೆನಪಾಗಲಿಲ್ಲ. ಪಿಟೀಲು ಎತ್ತಿಕೊಂಡು ವೇದಿಕೆ ಇಳಿದವಳು ಆಮೇಲೆ ಯಾರ ಮುಂದೆಯೂ ನುಡಿಸಿರಲಿಲ್ಲ. ಅವಳನ್ನು ಒಪ್ಪಿಸಿ ಕಲ್ಲುಗಣಿಗೆ ಕರೆದೊಯ್ಯಲು ತಂಗಿಗೆ ಒಂದು ವರ್ಷ ಹಿಡಿದಿತ್ತು. ಅಲ್ಲೂ ಆರನೆಯ ನಿಮಿಷಕ್ಕೆ, ಅದೇ ಜಾಗದಲ್ಲಿ ಅಕ್ಕ ನಿಂತುಹೋದಳು. ಈ ಸಲ ಮಾತ್ರ ಹೊರಟುಹೋಗಲಿಲ್ಲ. ಮೂರು ಸಲ ಉಸಿರೆಳೆದು, ನಿಂತಲ್ಲಿಂದಲೇ ಮುಂದುವರಿಸಿದಳು. ಗಣಿ, ನೀರು, ಬಂಡೆ ಎಲ್ಲ ಇದ್ದದ್ದೇ ಆ ಮೂರು ಉಸಿರಿಗಾಗಿ ಎಂದು ತಂಗಿಗೆ ಅನ್ನಿಸಿತ್ತು.

ನಿನ್ನೆ ಸಂಜೆ ಅಕ್ಕ ಫೋನ್ ಮಾಡಿದ್ದಳು. "ಆ ಜಾಗ ಒಂದು ತೆಗೆದುಬಿಡೇ. ಜನರ ಮುಂದೆ ಇನ್ನೊಂದ್ಸಲ ನನ್ನ ಕೈಲಾಗಲ್ಲ."

"ಆಯ್ತಕ್ಕ," ಎಂದಿದ್ದಳು ತಂಗಿ. ತೆಗೆದಿರಲಿಲ್ಲ. ಬೆಳಗಿನಿಂದ ಒಂದು ತುತ್ತೂ ಗಂಟಲಲ್ಲಿ ಇಳಿದಿರಲಿಲ್ಲ.

ಅವಳು ಹೊರಗೆ ಬರುವಷ್ಟರಲ್ಲಿ ಅಕ್ಕ ಬಂದು ಬಾಗಿಲ ಹತ್ತಿರ ನಿಂತಿದ್ದಳು. ಎರಡು ಕೈಯಲ್ಲೂ ಬ್ಯಾಗು ಅವುಚಿಕೊಂಡಿದ್ದಳು. ಒಂದು ನಿಮಿಷ ಕೇಳಿದಳು. ಎರಡು ನಿಮಿಷ ಕೇಳಿದಳು. ಬ್ಯಾಗು ಸಡಿಲವಾಯಿತು.

"ಪೂರ್ತಿ ತೆಗೆದುಬಿಟ್ಯೇನೇ?" ತಂಗಿಯನ್ನು ಬಾಚಿ ತಬ್ಬಿಕೊಂಡಳು. "ಒಂದು ತುಂಡು ತೆಗಿ ಅಂದ್ರೆ ಇಡೀ ಸಂಗೀತಾನೇ ಬಿಟ್ಟಿದ್ದೀಯಲ್ಲೇ, ನನಗೋಸ್ಕರ! ಬಸ್ಸಲ್ಲಿ ಮೂರು ಸಲ ಇಳಿದು ವಾಪಸ್ ಹೋಗೋಣ ಅನ್ನಿಸ್ತು ಗೊತ್ತಾ?"

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ವಿಮರ್ಶಕರಿಗೆ ಖುಷಿ, ಅಕ್ಕನಿಗೆ ನೆಮ್ಮದಿ, ವೈರಪ್ಪನಿಗೆ ಟೀ. ತಂಗಿ ಬಾಯಿ ಮುಚ್ಚಿಕೊಂಡೇ ಇದ್ದಳು. ಅಕ್ಕನ ತೋಳು ಮಾತ್ರ ಕ್ಷಣಕ್ಷಣಕ್ಕೂ ಭಾರವಾಗುತ್ತ ಹೋಯಿತು.

ಅಷ್ಟರಲ್ಲಿ ಗ್ಯಾಲರಿಯ ಕಾವಲುಗಾರ ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಬಂದ. "ಮೇಡಂ, ಬೆಳಿಗ್ಗೆ ನೀವು ಪರೀಕ್ಷೆ ಮಾಡೋವಾಗ ಪಿಟೀಲು ಬರ್ತಿತ್ತಲ್ಲ? ಮಧ್ಯ ನಿಂತು ಮತ್ತೆ ಶುರುವಾಗುತ್ತಲ್ಲ, ಅದು. ಮುಗಿದೋಯ್ತಾ?"

"ಅದೊಂದು ಜಾಗ ಕೇಳ್ಲೇಬೇಕು ಅಂತ ಊಟಕ್ಕೂ ಬಿಡದೆ ಎಳ್ಕೊಂಡು ಬಂದಿದ್ದಾರೆ," ಎಂದಳು ಹೆಂಡತಿ.

ಅಕ್ಕನ ತೋಳು ಕೆಳಗಿಳಿಯಿತು. "ತೆಗೆದಿಲ್ವಾ?"

"ಇಲ್ಲಕ್ಕ. ನಿನ್ನೆ ಸುಳ್ಳು ಹೇಳ್ದೆ." ತಂಗಿ ಹಿಂದಿನ ಕೋಣೆಯ ಕಡೆ ಕೈ ತೋರಿಸಿದಳು. "ಇದು ಡ್ರೈವ್ ಅದಲು ಬದಲಾಗಿ ಬರ್ತಿರೋ ಗಾಳಿ. ನಿನಗೆ ಬೇಡ ಅಂದ್ರೆ ಹೀಗೇ ಇರ್ಲಿ. ಆ ಹಿರಿಯರಿಗೂ ಇದೇ ಹಿಡಿಸಿದೆ."

ಅಕ್ಕ ಬೈಯುತ್ತಾಳೆಂದು ಅವಳು ಕಾದಳು. ಅಕ್ಕ ಕಾವಲುಗಾರನ ಕಡೆ ತಿರುಗಿದಳು. "ಅದು ನಿಂತಾಗ... ನಿಮಗೇನನ್ನಿಸ್ತು?"

"ಭಯ ಆಯ್ತಮ್ಮ. ಎಲ್ಲಿ ಬಿಟ್ಟು ಹೋಗಿಬಿಡ್ತಾರೋ ಅಂತ. ಬೀಗದ ಕೈ ಹಿಡ್ಕೊಂಡು ಹಾಗೇ ನಿಂತಿದ್ದೆ. ಅಲ್ಲಾಡಿದ್ರೆ ಗೊಂಚಲು ಸದ್ದಾಗುತ್ತಲ್ಲ." ಅವನು ನಾಚಿಕೊಂಡು ನಕ್ಕ. "ಆಮೇಲೆ ಬಂತು."

ಅಕ್ಕ ಗೋಡೆಯ ಮೇಲಿನ ಅಕ್ಕಿಕಾಳನ್ನು ಬಹಳ ಹೊತ್ತು ನೋಡಿದಳು.

"ಹಾಕ್ಸು," ಎಂದಳು. "ಬಾಗಿಲ ಹತ್ರಾನೇ ಇರ್ತೀನಿ. ಆಗ್ದಿದ್ರೆ ಹೊರಟುಹೋಗ್ತೀನಿ, ತಡೀಬೇಡ."

ವೈರಪ್ಪ ಡ್ರೈವ್ ಬದಲಿಸಿ ಚಿತ್ರವನ್ನು ಮೊದಲಿಂದ ಬಿಟ್ಟ. ಪಿಟೀಲು ಬಂದಾಗ ವಿಮರ್ಶಕರು ಬೆಚ್ಚಿಬಿದ್ದು, ಪುಸ್ತಕದಲ್ಲಿ ಎರಡು ಸಾಲು ಹೊಡೆದುಹಾಕಿದರು. ಆಮೇಲೆ ಪೆನ್ನನ್ನೇ ಜೇಬಿಗಿಟ್ಟರು. ಕಾವಲುಗಾರನ ಹೆಂಡತಿ ಬೆಂಚಿನ ತುದಿಯಲ್ಲಿ ಕೂತಳು.

ಆರನೆಯ ನಿಮಿಷ ಹತ್ತಿರ ಬಂದಾಗ ಅಕ್ಕ ಎಡಗೈಯಿಂದ ತಂಗಿಯ ಮಣಿಕಟ್ಟು ಹಿಡಿದುಕೊಂಡಳು. ಕಮಾನು ನಿಂತಿತು. ಕೋಣೆಯಲ್ಲಿ ಬರೀ ಗಾಳಿ. ಒಂದು ಉಸಿರು. ಉಗುರು ಚರ್ಮಕ್ಕೆ ನಾಟಿತು, ತಂಗಿ ಕೈ ಎಳೆದುಕೊಳ್ಳಲಿಲ್ಲ. ಎರಡು. ಅಕ್ಕನ ಒಂದು ಕಾಲು ಹೊಸ್ತಿಲ ಹೊರಗಿತ್ತು. ಮೂರು.

ತಂತಿ ಮತ್ತೆ ನುಡಿಯಿತು.

"ಅಬ್ಬ, ಸದ್ಯ!" ಎಂದಳು ಕಾವಲುಗಾರನ ಹೆಂಡತಿ, ಎಲ್ಲರಿಗೂ ಕೇಳಿಸುವಂತೆ. ಒಂದಿಬ್ಬರು ನಕ್ಕರು. ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರು ತುಂಬಿಕೊಂಡು. ತಂಗಿಗೆ ಬೆಳಗಿನಿಂದ ಮೊದಲ ಸಲ ಹಸಿವೆ ಆಯಿತು.

ಹಿಡಿತ ಸಡಿಲವಾಯಿತು, ಆದರೆ ಅಕ್ಕ ಕೈ ತೆಗೆಯಲಿಲ್ಲ. ತಂಗಿಯ ಮಣಿಕಟ್ಟಿನ ಒಳಬದಿಯಲ್ಲಿ ಅವಳ ನಾಲ್ಕು ಬೆರಳುಗಳು ಪಿಟೀಲಿನ ತಂತಿಯ ಮೇಲೆಂಬಂತೆ ಒಂದೊಂದಾಗಿ ಒತ್ತುತ್ತಿದ್ದವು, ಸ್ಪೀಕರಿಗಿಂತ ಒಂದು ಸ್ವರ ಮುಂದೆ.